ತುಂಬಿದ ವಿಸ್ಕಿ ಬಾಟಲಿಯ ಬೆನ್ನಿಗೊಂದು ಬಿಳಿ ಚಿನ್ನದ ಕೊಕ್ಕರೆ

ಖಾಲಿ ಬಾಟಲಿಯ ಮೇಲೆ ಚಿತ್ರ ಬರೆಯುವುದು ಸುಲಭ. ತೊಳೆಯಬಹುದು, ಮಲಗಿಸಬಹುದು, ಓವನ್‌ಗೆ ಇಟ್ಟು ಬಣ್ಣ ಗಟ್ಟಿ ಮಾಡಬಹುದು, ಸರಿ ಬರಲಿಲ್ಲ ಅಂದರೆ ಬ್ಲೇಡಿನಲ್ಲಿ ಕೆರೆದು ಮತ್ತೆ ಶುರು ಮಾಡಬಹುದು. ಈ ಸಲ ಕೈಗೆ ಬಂದದ್ದು ತುಂಬಿದ ಬಾಟಲಿ. ಸೀಲ್ ಒಡೆದಿಲ್ಲ. ಒಳಗಿರುವುದು ಈಗ ಅಂಗಡಿಯಲ್ಲಿ ಸಿಗದ ಹಳೆಯ ಸಿಂಗಲ್ ಮಾಲ್ಟ್ ವಿಸ್ಕಿ. ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಒಂದು ಹರಾಜು ನಡೆಯಲಿದೆ, ಅದಕ್ಕಾಗಿ ಸಂಗ್ರಹಕಾರರು ಇಂಥ ಕೆಲವು ಬಾಟಲಿಗಳನ್ನು ದಾನ ಕೊಟ್ಟಿದ್ದಾರೆ, ಅವನ್ನು ಚಿತ್ರ ಬರೆಯುವ ನಮ್ಮಂಥವರಿಗೆ ಒಂದೊಂದು ಹಂಚಿದ್ದಾರೆ. ನಾನು ಗಾಜಿನ ಮೇಲೆ ಬೋರ್ಡ್ ಬರೆಯುವವನು, ರೇಕು, ಅಂದರೆ ಚಿನ್ನದ ತೆಳು ಹಾಳೆ, ಕೂರಿಸುವ ಕೆಲಸವೂ ಗೊತ್ತು. ಅದಕ್ಕೇ ದುಂಡನೆಯ ಬಾಟಲಿಯನ್ನು ನನ್ನ ಪಾಲಿಗೆ ಇಟ್ಟಿದ್ದರು ಅನ್ನಿಸುತ್ತದೆ.

ಬಣ್ಣ ಮುಟ್ಟುವ ಮೊದಲು ಏನೇನು ಮಾಡಬಾರದು ಅಂತ ಬರೆದುಕೊಂಡೆ. ಆ ಪಟ್ಟಿಯೇ ಉದ್ದವಾಯಿತು.

ಮೊದಲನೆಯದು ಬಿಸಿ. ಗಾಜಿಗೆ ಶಾಶ್ವತವಾಗಿ ಅಂಟುವ ಎನಾಮೆಲ್ ಬೇಕಾದರೆ ಕುಲುಮೆಯಲ್ಲಿ 550 ಡಿಗ್ರಿಗೂ ಮೇಲೆ ಸುಡಬೇಕು. ಮನೆಯ ಓವನ್‌ನಲ್ಲಿ ಗಟ್ಟಿಯಾಗುವ ಗಾಜಿನ ಬಣ್ಣಕ್ಕೂ 160 ಡಿಗ್ರಿಯ ಹತ್ತಿರ ಬೇಕು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ. ಅಷ್ಟು ದೂರ ಹೋಗುವುದೂ ಬೇಡ, ಬಾಟಲಿ ಸ್ವಲ್ಪ ಬೆಚ್ಚಗಾದರೂ ವಿಸ್ಕಿ ಹಿಗ್ಗುತ್ತದೆ, ನೀರಿಗಿಂತ ಜಾಸ್ತಿಯೇ ಹಿಗ್ಗುತ್ತದೆ, ಕುತ್ತಿಗೆಯಲ್ಲಿರುವ ಸ್ವಲ್ಪ ಗಾಳಿಯನ್ನು ಒತ್ತಿ ಹಳೆಯ ಕಾರ್ಕನ್ನು ಮೇಲಕ್ಕೆ ತಳ್ಳುತ್ತದೆ. ಹಾಗಾಗಿ ಹೇರ್ ಡ್ರೈಯರ್ ಕೂಡ ಇಲ್ಲ. ಎರಡನೆಯದು, ಮಲಗಿಸುವ ಹಾಗಿಲ್ಲ. ವೈನ್ ಬಾಟಲಿಯನ್ನು ಮಲಗಿಸುತ್ತಾರೆ, ವಿಸ್ಕಿಯನ್ನು ನಿಲ್ಲಿಸಿಯೇ ಇಡುತ್ತಾರೆ, ಯಾಕೆಂದರೆ 40 ಪರ್ಸೆಂಟಿಗೂ ಮೇಲಿರುವ ಆಲ್ಕೋಹಾಲ್ ತಾಗುತ್ತಾ ಇದ್ದರೆ ಕಾರ್ಕ್ ಕೊಳೆತ ಹಾಗೆ ಆಗಿಬಿಡುತ್ತದೆ. ಬಿಸಿಲು ಬೀಳಬಾರದು, ಬಣ್ಣವೂ ರುಚಿಯೂ ಕೆಡುತ್ತದೆ. ಗಾಜು ಕೊರೆಯುವುದು, ಮರಳು ಹೊಡೆಯುವುದು ಇಲ್ಲವೇ ಇಲ್ಲ, ಅಕಸ್ಮಾತ್ ಬಿರುಕು ಬಿಟ್ಟರೆ ಹೋದದ್ದು ಹೋಯಿತು, ಇನ್ನೊಂದು ಬಾಟಲಿ ತರುವ ಹಾಗಿಲ್ಲ. ಕೊನೆಗೆ ಲೇಬಲ್, ಸೀಲ್, ಬುಡದ ಹತ್ತಿರದ ಕೋಡ್, ಒಳಗಿನ ಮಟ್ಟ, ಇಷ್ಟೂ ಕಣ್ಣಿಗೆ ಕಾಣುತ್ತಲೇ ಇರಬೇಕು. ಕೊಳ್ಳುವವರು ಮೊದಲು ನೋಡುವುದು ಅವನ್ನೇ. ವಿಸ್ಕಿಯ ಮಟ್ಟ ಕುತ್ತಿಗೆಯಲ್ಲಿದೆಯೋ, ಭುಜಕ್ಕೆ ಇಳಿದಿದೆಯೋ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಅದನ್ನು ಮುಚ್ಚಿಬಿಡುವ ಚಿತ್ರ ಎಷ್ಟೇ ಚೆನ್ನಾಗಿರಲಿ, ದಾನಕ್ಕೆ ಬರುವ ಹಣಕ್ಕೆ ಕತ್ತರಿ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಕಲಾವಿದರ ಕೈ ಬಿದ್ದ ತಕ್ಷಣ ಬಾಟಲಿಯ ಬೆಲೆ ಏರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ಮಕಾಲನ್ 1926 ಎಂಬ ಸ್ಕಾಚ್ ವಿಸ್ಕಿ. ಆ ವರ್ಷ ಬಟ್ಟಿ ಇಳಿಸಿ 60 ವರ್ಷ ಶೆರ್ರಿ ಪೀಪಾಯಿಯಲ್ಲಿಟ್ಟು, 1986ರಲ್ಲಿ ತುಂಬಿದಾಗ ಸಿಕ್ಕಿದ್ದು ಬರೀ 40 ಬಾಟಲಿ. ಅದರಲ್ಲಿ 12ಕ್ಕೆ ಚಿತ್ರಕಾರ ಪೀಟರ್ ಬ್ಲೇಕ್ ಲೇಬಲ್ ಮಾಡಿದರು, 12ಕ್ಕೆ ವಲೇರಿಯೋ ಅದಾಮಿ ಮಾಡಿದರು. ಒಂದೇ ಒಂದು ಬಾಟಲಿಗೆ ಐರಿಷ್ ಚಿತ್ರಕಾರ ಮೈಕಲ್ ಡಿಲನ್ 1999ರಲ್ಲಿ ನೇರ ಗಾಜಿನ ಮೇಲೇ ಚಿತ್ರ ಬರೆದರು. ಅದು 2018ರ ನವೆಂಬರಿನಲ್ಲಿ ಲಂಡನ್ನಿನ ಹರಾಜು ಸಂಸ್ಥೆ ಕ್ರಿಸ್ಟೀಸ್‌ನಲ್ಲಿ 12 ಲಕ್ಷ ಪೌಂಡಿಗೆ ಹೋಯಿತು. ಐದು ವರ್ಷ ಬಿಟ್ಟು, 2023ರ ನವೆಂಬರಿನಲ್ಲಿ, ಇನ್ನೊಂದು ಹರಾಜು ಸಂಸ್ಥೆ ಸದಬೀಸ್‌ನಲ್ಲಿ ಅದಾಮಿ ಲೇಬಲ್ಲಿನ ಬಾಟಲಿ 21 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅಂದರೆ ಕೈಯಲ್ಲೇ ಬರೆದ ಒಂದೇ ಒಂದು ಬಾಟಲಿಗಿಂತ, ಹನ್ನೆರಡರಲ್ಲಿ ಒಂದಕ್ಕೆ ಜಾಸ್ತಿ ಬಂತು. ವರ್ಷ ಬೇರೆ, ಮಾರುಕಟ್ಟೆ ಬೇರೆ, ಒಪ್ಪುತ್ತೇನೆ. ಆದರೂ ಗಮನಿಸಬೇಕಾದ್ದು ಏನೆಂದರೆ ಆ ಅದಾಮಿ ಬಾಟಲಿಯನ್ನು ಹರಾಜಿಗೆ ಇಡುವ ಮೊದಲು ಕಂಪನಿಯವರೇ ಕಾರ್ಕ್ ಬದಲಿಸಿ, ಲೇಬಲ್ಲಿನ ಮೂಲೆಗಳಿಗೆ ಹೊಸ ಅಂಟು ಹಚ್ಚಿ, ಒಳಗಿನದರ ಒಂದು ಮಿಲಿಲೀಟರ್ ತೆಗೆದು ಪರೀಕ್ಷಿಸಿದ್ದರು, ಅಷ್ಟನ್ನೂ ಬಹಿರಂಗವಾಗಿ ಹೇಳಿದ್ದರು. ಮೂಲೆಯ ಅಂಟಿಗೂ ಲೆಕ್ಕ ಕೊಡುವ ಜಗತ್ತು ಅದು. ಅಲ್ಲಿಗೆ ಹೋಗುವ ಬಾಟಲಿಯ ಮೇಲೆ ನಾನು ಮಾಡುವ ಕೆಲಸ ಅರ್ಧ ಚಿತ್ರ, ಅರ್ಧ ಜೋಪಾನ.

ದಾನದ ಹರಾಜುಗಳೂ ಈಗ ಸಣ್ಣವಲ್ಲ. ಸ್ಕಾಟ್ಲೆಂಡಿನಲ್ಲಿ ‘ಡಿಸ್ಟಿಲರ್ಸ್ ಒನ್ ಆಫ್ ಒನ್’ ಅಂತ ನಡೆಸುತ್ತಾರೆ. 2021ರಲ್ಲಿ ಎಡಿನ್‌ಬರೋ ಹತ್ತಿರದ ಬಾರ್ನ್‌ಬೂಗಲ್ ಕೋಟೆಯಲ್ಲಿ ಶುರುವಾಯಿತು, 2023ರಲ್ಲಿ ಹೋಪ್‌ಟೌನ್ ಹೌಸಿನಲ್ಲಿ ನಡೆಯಿತು. ಎರಡು ಸಲವೂ 20 ಲಕ್ಷ ಪೌಂಡಿಗೂ ಮೇಲೆ ಕೂಡಿತು, ಹಣ ಹೋಗುವುದು ಅಲ್ಲಿನ ಕಷ್ಟದಲ್ಲಿರುವ ಹುಡುಗ ಹುಡುಗಿಯರಿಗೆ. ಅಲ್ಲಿಗೆ ಬರುವ ಒಂದೊಂದೂ ಅದಕ್ಕೆಂದೇ ಮಾಡಿದ್ದು, ಇನ್ನೊಂದು ಪ್ರತಿ ಇರುವುದಿಲ್ಲ. ನಮ್ಮದು ಅದರ ಮುಂದೆ ಚಿಕ್ಕದು. ಆದರೆ ತತ್ವ ಅದೇ: ಇಂಥದ್ದು ಇನ್ನೊಂದಿಲ್ಲ ಎಂಬ ಕಾರಣಕ್ಕೇ ಕೊಳ್ಳುವವರು ಕೈ ಎತ್ತುತ್ತಾರೆ.

ಸರಿ, ಕೆಲಸಕ್ಕೆ ಬರೋಣ.

ನನ್ನ ಬಾಟಲಿ ದುಂಡನೆಯದು, 700 ಮಿಲಿ, ಅಗಲ ಏಳೂವರೆ ಸೆಂಟಿಮೀಟರ್. ಲೇಬಲ್ ಚಿಕ್ಕದು, ಮುಂಭಾಗದ ಕೆಳ ಅರ್ಧದಲ್ಲಿದೆ. ಮೇಲರ್ಧ ಸುತ್ತಲೂ ಖಾಲಿ ಗಾಜು. ಅದೇ ಆಕಾರದ ಒಂದು ಖಾಲಿ ಬಾಟಲಿಯನ್ನು ಆಯೋಜಕರೇ ಕೊಟ್ಟಿದ್ದರು, ಪ್ರಯೋಗ ಎಲ್ಲ ಅದರ ಮೇಲೆ. ಮೊದಲು ಹಿಂಬದಿಗೆ ಒಂದು ಕಾಗದದ ಚೂರು ಅಂಟಿಸಿ, ನೀರು ತುಂಬಿ ಮುಂದಿನಿಂದ ನೋಡಿದೆ. ಚೂರು ಎರಡರಷ್ಟು ಅಗಲವಾಗಿ ಕಂಡಿತು. ಎತ್ತರ ಮಾತ್ರ ಇದ್ದಷ್ಟೇ. ತುಂಬಿದ ದುಂಡನೆಯ ಬಾಟಲಿ ಅಂದರೆ ನಿಂತ ಭೂತಗನ್ನಡಿ, ಅಡ್ಡಕ್ಕೆ ಮಾತ್ರ ಹಿಗ್ಗಿಸುತ್ತದೆ. ನೀರು ಚೆಲ್ಲಿದ ತಕ್ಷಣ ಚೂರು ಮತ್ತೆ ಸಣ್ಣ. ಇದನ್ನು ನೋಡಿದ ಮೇಲೆ ಮುಂಭಾಗದಲ್ಲಿ ಏನನ್ನೂ ಬರೆಯುವುದು ಬೇಡ ಅಂತ ಆಗಲೇ ತೀರ್ಮಾನ ಮಾಡಿದೆ. ಚಿತ್ರ ಬೆನ್ನಿಗೆ, ನೋಡುವುದು ವಿಸ್ಕಿಯ ಮೂಲಕ.

ಒಂದು ತೊಡಕಿತ್ತು. ನೀರಿಗಿಂತ ವಿಸ್ಕಿ ಬೆಳಕನ್ನು ಸ್ವಲ್ಪ ಜಾಸ್ತಿ ಬಗ್ಗಿಸುತ್ತದೆ. ಹೀಗೆ ಬಗ್ಗಿಸುವುದರ ಅಳತೆಗೆ ವಕ್ರೀಭವನ ಸೂಚ್ಯಂಕ ಅನ್ನುತ್ತಾರೆ, ನೀರಿನದು 1.33, 40 ಪರ್ಸೆಂಟಿನ ವಿಸ್ಕಿಯದು ಸುಮಾರು 1.355. ಸಣ್ಣ ವ್ಯತ್ಯಾಸ, ಆದರೆ ಹಿಗ್ಗುವ ಲೆಕ್ಕದಲ್ಲಿ ಅದು ಕಣ್ಣಿಗೆ ಬೀಳುತ್ತದೆ: ನೀರಿನಲ್ಲಿ ಎರಡರಷ್ಟಕ್ಕೆ ಒಂಚೂರು ಕಡಿಮೆ, ವಿಸ್ಕಿಯಲ್ಲಿ ಎರಡರಷ್ಟಕ್ಕೆ ಒಂಚೂರು ಜಾಸ್ತಿ. ಪ್ರಯೋಗಕ್ಕೆ ವಿಸ್ಕಿ ಸುರಿಯುವ ಮನಸ್ಸಿರಲಿಲ್ಲ. ಹಾಲಿಲ್ಲದ ಚಹಾ ಮಾಡಿ, ಅದರಲ್ಲಿ 100 ಗ್ರಾಂಗೆ 15 ಗ್ರಾಂ ಸಕ್ಕರೆ ಇರುವ ಹಾಗೆ ಕರಗಿಸಿದೆ. ಅಷ್ಟು ಸಕ್ಕರೆಯಲ್ಲಿ ಸೂಚ್ಯಂಕ ಸರಿಯಾಗಿ ಅಲ್ಲಿಗೇ ಬರುತ್ತದೆ, ಬಣ್ಣವೂ ವಿಸ್ಕಿಯದೇ. ಇರುವೆ ಬಂದದ್ದು ಬೇರೆ ವಿಷಯ.

ಆ ಚಹಾ ಬಾಟಲಿಯೇ ಚಿತ್ರದ ಬಣ್ಣವನ್ನೂ ತೀರ್ಮಾನಿಸಿತು. ಹಿಂಬದಿಗೆ ಬಣ್ಣದ ಕಾಗದಗಳನ್ನು ಒಂದೊಂದಾಗಿ ಹಿಡಿದು ನೋಡಿದೆ. ನೀಲಿ ಕಪ್ಪಾಗುತ್ತದೆ. ಹಸಿರು ಕೆಸರಿನ ಬಣ್ಣ. ಬಿಳಿ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಚಿನ್ನದ ರೇಕು ಹಿಡಿದರೆ ತಾಮ್ರದ ಹಾಗೆ ಕಂದಾಗಿ ಕಂಡಿತು, ಯಾಕೆಂದರೆ ಮುಂದಿನಿಂದ ಹೋದ ಬೆಳಕು ರೇಕಿಗೆ ಬಡಿದು ವಾಪಸ್ ಬರುವಾಗ ಎರಡು ಸಲ ವಿಸ್ಕಿಯನ್ನು ದಾಟುತ್ತದೆ. ಆಗ ಹೊಳೆದದ್ದು ಬಿಳಿ ಚಿನ್ನ. 12 ಕ್ಯಾರೆಟ್ಟಿನ ರೇಕು, ಹೆಚ್ಚುಕಡಿಮೆ ಅರ್ಧ ಬೆಳ್ಳಿ. ಬರಿಗಣ್ಣಿಗೆ ಬೆಳ್ಳಗೆ, ಚಹಾದ ಮೂಲಕ ನೋಡಿದರೆ ಅಪ್ಪಟ ಬಂಗಾರ!

ಇಲ್ಲಿಂದ ಚಿತ್ರ ತಾನಾಗಿಯೇ ಬಂತು. ನೀರಲ್ಲಿ ನಿಂತ ಒಂದು ಕೊಕ್ಕರೆ. ತುಂಬಿದ ಬಾಟಲಿಯಲ್ಲಿ ಅದು ಬಂಗಾರದ್ದು, ಮೈಕೈ ತುಂಬಿಕೊಂಡಿರುತ್ತದೆ. ಯಾರಾದರೂ ಸೀಲ್ ಒಡೆದು ಕುಡಿಯಲು ಶುರು ಮಾಡಿದರೆ ಮಟ್ಟ ಇಳಿದ ಹಾಗೆ ಮೊದಲು ತಲೆ, ಆಮೇಲೆ ಕುತ್ತಿಗೆ, ಆಮೇಲೆ ಮೈ, ಹೀಗೆ ಮೇಲಿನಿಂದ ಸಣಕಲಾಗುತ್ತಾ ಬೆಳ್ಳಗಾಗುತ್ತದೆ. ಎರಡರಲ್ಲಿ ಯಾವ ಸ್ಥಿತಿಗೆ ಅಳತೆ ಸರಿ ಇರಬೇಕು ಅನ್ನುವ ಪ್ರಶ್ನೆಗೆ ಉತ್ತರ ಸುಲಭ. ಹರಾಜಿನ ದಿನ ಬಾಟಲಿ ತುಂಬಿರುತ್ತದೆ, ಕೊಂಡವರು ಬಹುಶಃ ಒಡೆಯುವುದೂ ಇಲ್ಲ. ಹಾಗಾಗಿ ತುಂಬಿದಾಗ ಸರಿ ಕಾಣಬೇಕು. ಅಂದರೆ ನಾನು ಬರೆಯುವ ಕೊಕ್ಕರೆ ಅರ್ಧ ಅಗಲದ್ದು.

ಬೆನ್ನಿನ ಎಲ್ಲ ಜಾಗವೂ ಮುಂದಿನಿಂದ ಕಾಣುವುದಿಲ್ಲ, ಇದೂ ಚಹಾ ಬಾಟಲಿ ಕಲಿಸಿದ್ದು. ಸುತ್ತಳತೆಯ ಸುಮಾರು ಒಂಬತ್ತನೇ ಒಂದು ಭಾಗ, ಎರಡೂವರೆ ಸೆಂಟಿಮೀಟರಿನ ಒಂದು ಪಟ್ಟಿ, ಅಷ್ಟೇ ಮುಂಭಾಗವನ್ನೆಲ್ಲ ತುಂಬಿಕೊಳ್ಳುತ್ತದೆ. ಪಟ್ಟಿಯ ಅಂಚಿನಲ್ಲಿ ಎಳೆತ ವಿಪರೀತ, ಒಂದು ಗೆರೆ ರಬ್ಬರಿನ ಹಾಗೆ ಅಗಲಿಸಿಬಿಡುತ್ತದೆ. ನಡುವಿನ ಎರಡು ಸೆಂಟಿಮೀಟರ್ ಮಾತ್ರ ನಂಬಬಹುದು. ಭುಜದ ಹತ್ತಿರ ಬಾಟಲಿ ಬಾಗುವ ಕಡೆ ಎಲ್ಲ ಸೊಟ್ಟ, ಆದ್ದರಿಂದ ಕೊಕ್ಕರೆಯ ತಲೆಯನ್ನು ನೆಟ್ಟಗಿರುವ ಗಾಜಿನೊಳಗೇ ನಿಲ್ಲಿಸಿದೆ. ಕಣ್ಣು ಮೂರು ಮಿಲಿಮೀಟರ್ ಎತ್ತರ, ಒಂದೂವರೆ ಅಗಲ. ಹಿಂದಿನಿಂದ ನೋಡಿದರೆ ಸೀಳಿದ ಅಕ್ಕಿಯಷ್ಟು. ಮುಂದಿನಿಂದ ದುಂಡು.

ಇನ್ನು ಹೊದಿಕೆ. ಲೇಬಲ್ಲಿಗೆ ಟೇಪ್ ಅಂಟಿಸುವ ಮಾತೇ ಇಲ್ಲ, ಹಳೆಯ ಕಾಗದ ಟೇಪಿನ ಜೊತೆ ಎದ್ದು ಬರುತ್ತದೆ. ತೆಳು ಪಾಲಿಯೆಸ್ಟರ್ ಹಾಳೆಯನ್ನು ಬಾಟಲಿಯ ಕೆಳ ಅರ್ಧಕ್ಕೆ ಸುತ್ತಿ, ಹಾಳೆಯ ಅಂಚನ್ನು ಹಾಳೆಗೇ ಅಂಟಿಸಿದೆ. ಗಾಜಿಗಾಗಲಿ ಲೇಬಲ್ಲಿಗಾಗಲಿ ಅಂಟು ತಾಗಿಲ್ಲ. ಹಾಳೆಯ ಮೇಲಂಚಿಗೆ ಹತ್ತಿಯ ಸುರುಳಿ ಸುತ್ತಿದೆ, ಮೇಲಿನಿಂದ ನೀರು ಇಳಿದರೆ ಅದು ಹೀರಿಕೊಳ್ಳಬೇಕು. ಕುತ್ತಿಗೆಯ ಸೀಲಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಾಳೆ ಸುತ್ತಿದೆ. ಸಂಗ್ರಹಕಾರರು ಆವಿ ಹೋಗದಿರಲಿ ಅಂತ ಬಳಸುವುದೂ ಅದನ್ನೇ, ಅಂಟಿಲ್ಲದೆ ಹಿಗ್ಗಿ ಕೂರುತ್ತದೆ. ಇದಕ್ಕೆಲ್ಲ ಮುಂಚೆ ನಾಲ್ಕೂ ಕಡೆಯಿಂದ ಫೋಟೋ, ಮಟ್ಟದ ಹತ್ತಿರದ ಫೋಟೋ, ತಕ್ಕಡಿಯಲ್ಲಿ ತೂಕ. ಯಾರೂ ಕೇಳಿರಲಿಲ್ಲ, ಆದರೆ ಕೊಡುವಾಗ ಕೇಳಿದರೆ ಉತ್ತರ ಇರಬೇಕು ಅಲ್ವಾ.

ಬಾಟಲಿಯನ್ನು ಶಿಲ್ಪಿಗಳು ಬಳಸುವ ತಿರುಗುವ ಪೀಠದ ಮೇಲೆ ನಿಲ್ಲಿಸಿ, ಸುತ್ತ ನಾಲ್ಕು ಮರದ ತುಂಡು ಕೊಟ್ಟು ಅಲುಗಾಡದ ಹಾಗೆ ಮಾಡಿದೆ. ಕೈ ಊರಲು ಪಕ್ಕದಲ್ಲಿ ಒಂದು ಅಡ್ಡಪಟ್ಟಿ. ಬಾಟಲಿಯ ಮೈಗೆ ಕೈ ಊರುವ ಹಾಗಿಲ್ಲ.

ಗಾಜು ಒರೆಸುವುದು ಚಿಕ್ಕ ಕೆಲಸ ಅನ್ನಿಸುತ್ತದೆ, ಆದರೆ ಗಾಜಿನ ಮೇಲಿನ ಬಣ್ಣ ಎದ್ದು ಬಂದಿದೆ ಅಂದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಅಲ್ಲೇ ಇರುತ್ತದೆ. ಕಾರ್ಖಾನೆಯಲ್ಲಿ ಬಾಟಲಿಗಳು ಒಂದಕ್ಕೊಂದು ಉಜ್ಜಿ ಗೀರು ಬೀಳದಿರಲಿ ಅಂತ ತಣ್ಣಗಾಗುವ ಹಂತದಲ್ಲಿ ಪಾಲಿಎಥಿಲಿನ್ ಥರದ ಜಾರುವ ಲೇಪ ಸಿಂಪಡಿಸುತ್ತಾರೆ. ಕಣ್ಣಿಗೆ ಕಾಣುವುದಿಲ್ಲ. ಬಣ್ಣಕ್ಕೆ ಮಾತ್ರ ಅದು ಶತ್ರು. ಪ್ರಯೋಗದ ಬಾಟಲಿಯಲ್ಲಿ ಬರೀ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದ ಕಡೆ ಬಣ್ಣ ಹಚ್ಚಿ, ಒಣಗಿದ ಮೇಲೆ ಬ್ಲೇಡಿನಲ್ಲಿ ಚೌಕಚೌಕವಾಗಿ ಗೀರಿ, ಟೇಪ್ ಒತ್ತಿ ಕಿತ್ತೆ. ಅರ್ಧ ಚೌಕಗಳು ಟೇಪಿನ ಜೊತೆ ಬಂದವು. ನುಣ್ಣನೆಯ ಸುಣ್ಣದಕಲ್ಲಿನ ಪುಡಿಯನ್ನು ನೀರಲ್ಲಿ ಕಲೆಸಿ ಚೆನ್ನಾಗಿ ಉಜ್ಜಿ, ಆಮೇಲೆ ಒರೆಸಿದ ಕಡೆ ಒಂದೂ ಬರಲಿಲ್ಲ. ಉಜ್ಜಿದ್ದು ಸಾಕೋ ಇಲ್ಲವೋ ಅಂತ ತಿಳಿಯಲು ಗಾಜಿನ ಮೇಲೆ ಬಾಯಿಂದ ಉಸಿರು ಬಿಡಿ. ಮಂಜು ಒಂದೇ ಸಮ ಕೂತು, ಒಂದೇ ಸಮ ಆರಿದರೆ ಗಾಜು ಶುದ್ಧ. ನಡುವೆ ತೇಪೆ ತೇಪೆಯಾಗಿ ಕಂಡರೆ ಅಲ್ಲಿ ಇನ್ನೂ ಜಿಡ್ಡಿದೆ. ನಿಜವಾದ ಬಾಟಲಿಯಲ್ಲಿ ಆ ಎರಡೂವರೆ ಸೆಂಟಿಮೀಟರ್ ಪಟ್ಟಿಯನ್ನು ಮಂಜು ಸರಿಯಾಗಿ ಕೂರುವವರೆಗೂ ಉಜ್ಜಿದೆ, ಪ್ರತಿ ಸಲ ಹತ್ತಿಯನ್ನು ಹಿಂಡಿ, ತೊಟ್ಟಿಕ್ಕದ ಹಾಗೆ ನೋಡಿಕೊಂಡು.

ಈಗ ರೇಕು. ಕಿಟಕಿ ಗಾಜಿನ ಮೇಲೆ ಚಿನ್ನದ ಅಕ್ಷರ ಬರೆಯುವವರು ಹಿಂದಿನಿಂದಲೂ ಮಾಡುತ್ತಾ ಬಂದ ವಿಧಾನವೇ ಇದು, ಅದೃಷ್ಟಕ್ಕೆ ಅವರು ನಿಂತ ಗಾಜಿನ ಮೇಲೇ ಮಾಡುತ್ತಾರೆ, ಬಾಟಲಿ ಮಲಗಿಸುವ ಅಗತ್ಯ ಬೀಳಲಿಲ್ಲ. ಔಷಧಿ ತುಂಬುವ ಖಾಲಿ ಜೆಲಾಟಿನ್ ಕ್ಯಾಪ್ಸೂಲ್ ಒಂದನ್ನು ಕಾಲು ಲೀಟರಿನಷ್ಟು ಡಿಸ್ಟಿಲ್ಡ್ ನೀರಲ್ಲಿ ಬಿಸಿ ಮಾಡಿ ಕರಗಿಸಬೇಕು, ಸೋಸಬೇಕು, ಪೂರ್ತಿ ತಣ್ಣಗಾಗಲು ಬಿಡಬೇಕು. ಅಂಟು ಅಂತ ಕೈಗೆ ಗೊತ್ತೇ ಆಗುವುದಿಲ್ಲ, ನೀರಿನ ಹಾಗೇ ಇರುತ್ತದೆ. ಜಾಸ್ತಿ ಜೆಲಾಟಿನ್ ಹಾಕಿದರೆ ಹೊಳಪು ಮಂಕು.

ರೇಕು ಅಂದರೆ ಮೈಕ್ರಾನಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಇರುವ ವಸ್ತು. ಬಿಳಿ ಚಿನ್ನದ್ದು ಕೊಂಚ ದಪ್ಪ, ಆದರೂ ಉಸಿರು ಬಿಟ್ಟರೆ ಹಾರಿ ಹೋಗುತ್ತದೆ. ಚರ್ಮದ ಮೆತ್ತೆಯ ಮೇಲೆ ಹರಡಿ ಚಾಕುವಿನಿಂದ ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿದೆ. ಎತ್ತಲು ಚಪ್ಪಟೆ ಕುಂಚ, ಅಳಿಲಿನ ಕೂದಲಿನದು. ಅದನ್ನು ಒಮ್ಮೆ ಕೆನ್ನೆಗೆ ಸವರಬೇಕು, ಚರ್ಮದ ಜಿಡ್ಡು ಕೂದಲಿಗೆ ಎಷ್ಟು ಬೇಕೋ ಅಷ್ಟೇ ತಾಗುತ್ತದೆ, ಅಷ್ಟಕ್ಕೆ ರೇಕು ಅಂಟಿಕೊಂಡು ಏಳುತ್ತದೆ. ಇನ್ನೊಂದು ಕುಂಚದಿಂದ ಗಾಜಿಗೆ ಅಂಟುನೀರು ಧಾರಾಳವಾಗಿ ಹರಿಸಿ, ರೇಕನ್ನು ಹತ್ತಿರ ಹಿಡಿದರೆ ಸಾಕು, ಇನ್ನೂ ಎರಡು ಮಿಲಿಮೀಟರ್ ದೂರ ಇದೆ ಅನ್ನುವಾಗಲೇ ನೀರು ಅದನ್ನು ಚಟ್ಟನೆ ಎಳೆದುಕೊಳ್ಳುತ್ತದೆ. ಎಷ್ಟು ಸಲ ಮಾಡಿದರೂ ಈ ಕ್ಷಣ ನನಗೆ ಇಷ್ಟ. ಕೂತಾಗ ಸುಕ್ಕುಸುಕ್ಕು, ಬೂದಿ ಬಣ್ಣ. ಹಿಂದಿನ ನೀರು ಆರುತ್ತಾ ಹೋದ ಹಾಗೆ ಸುಕ್ಕು ತಾನೇ ಬಿಡಿಸಿಕೊಂಡು, ಮುಂದಿನಿಂದ ನೋಡಿದರೆ ಒಂದೊಂದು ಪಟ್ಟಿಯೂ ಕನ್ನಡಿಯಾಗುತ್ತದೆ. ಮೊದಲ ಸುತ್ತಿನಲ್ಲಿ ಅಲ್ಲಲ್ಲಿ ಬಿರುಕು, ತೂತು ಉಳಿಯುವುದು ಮಾಮೂಲು. ಅದಕ್ಕೆ ಎರಡನೇ ಸುತ್ತು.

ಸಾಮಾನ್ಯವಾಗಿ ಇಲ್ಲಿ ಗಾಜಿನ ಮೇಲೆ ಬಿಸಿನೀರು ಹರಿಸುತ್ತಾರೆ, ಉಳಿದ ಜೆಲಾಟಿನ್ ತೊಳೆದುಹೋಗಿ ಹೊಳಪು ಇನ್ನೂ ಏರುತ್ತದೆ. ಇಲ್ಲಿ ಅದನ್ನು ಬಿಟ್ಟೆ. ಬದಲಿಗೆ ಅಂಟುನೀರನ್ನೇ ಸ್ವಲ್ಪ ತೆಳ್ಳಗೆ ಮಾಡಿಕೊಂಡಿದ್ದೆ. ಹೊಳಪಿನಲ್ಲಿ ಒಂಚೂರು ಕಡಿಮೆ ಇರಬಹುದು, ವಿಸ್ಕಿಯ ಹಿಂದೆ ಅದು ಯಾರಿಗೂ ಕಾಣುವುದಿಲ್ಲ.

ಇಲ್ಲಿಂದ ಕೆಲಸ ತಿರುವುಮುರುವು. ನೋಡುವವರ ಕಣ್ಣಿಗೆ ಮೊದಲು ಬೀಳುವುದು ಗಾಜಿಗೆ ತಾಗಿದ ಪದರ, ಅಂದರೆ ನಾನು ಮೊದಲು ಹಾಕಿದ್ದು. ಹಾಗಾಗಿ ಸಣ್ಣ ಗೆರೆಗಳು ಮೊದಲು, ಹಿನ್ನೆಲೆ ಕೊನೆಗೆ. ಎಡಬಲವೂ ತಲೆಕೆಳಗು: ಮುಂದಿನಿಂದ ಎಡಕ್ಕೆ ನೋಡುವ ಕೊಕ್ಕರೆಯನ್ನು ಹಿಂದಿನಿಂದ ಬಲಕ್ಕೆ ನೋಡುವ ಹಾಗೆ ಬರೆಯಬೇಕು. ಕಾಗದದಲ್ಲಿ ಅರ್ಧ ಅಗಲದ ಚಿತ್ರ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಮಾಡಿ, ರೇಕಿನ ಮೇಲೆ ಹಿಡಿದು ಪುಡಿಯ ಚೀಲ ತಟ್ಟಿದೆ. ಚುಕ್ಕಿಗಳ ಸಾಲು ಬಂತು. ಅದರ ಮೇಲೆ ಚೂಪು ಮಾಡಿದ ಮರದ ಕಡ್ಡಿಯಿಂದ ರೆಕ್ಕೆಯ ಗರಿಗಳ ಗೆರೆ ಕೆರೆದೆ, ಕೆರೆದ ಕಡೆ ರೇಕು ಹೋಗಿ ಬರಿ ಗಾಜು. ಲೋಹದ ಮೊನೆ ಬೇಡ, ಗಾಜಿಗೆ ಗೀರು ಬಿದ್ದರೆ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಇಲ್ಲಿ ಒಂದು ಮಾತು ನೆನಪಿರಬೇಕು, ನಿಂತ ಗೆರೆಗಳೆಲ್ಲ ಮುಂದಿನಿಂದ ಎರಡರಷ್ಟು ದಪ್ಪ ಕಾಣುತ್ತವೆ, ಅಡ್ಡ ಗೆರೆಗಳು ಇದ್ದಷ್ಟೇ ಇರುತ್ತವೆ. ಎರಡೂ ಒಂದೇ ದಪ್ಪ ಕಾಣಬೇಕಾದರೆ ನಿಂತ ಗೆರೆಯನ್ನು ಅರ್ಧ ದಪ್ಪಕ್ಕೆ ಕೆರೆಯಬೇಕು. ಕೊಕ್ಕರೆಯ ಕಾಲು ಹೇಗೂ ಸಣ್ಣ, ಅದನ್ನು ಇನ್ನೂ ಅರ್ಧ ಮಾಡಿದಾಗ ಹಿಂದಿನಿಂದ ಕೂದಲೆಳೆಯಷ್ಟೇ ಉಳಿಯಿತು. ಕಾಲುಗಳು ಇಳಿದು ಲೇಬಲ್ಲಿನ ಹಿಂದೆ ಮರೆಯಾಗುತ್ತವೆ, ಅದು ನನಗೆ ಅನುಕೂಲವೇ ಆಯಿತು, ಬೆರಳು ಬರೆಯುವ ಕೆಲಸ ಉಳಿಯಿತು.

ಆಮೇಲೆ ಬೋರ್ಡ್ ಬರೆಯುವ ಎಣ್ಣೆ ಎನಾಮೆಲ್, ಕಡುನೀಲಿ. ಕೊಕ್ಕರೆಯ ಆಕಾರವನ್ನು ರೇಕಿನ ಮೇಲೆ ಪೂರ್ತಿ ತುಂಬಿದೆ. ಕೆರೆದ ಗೆರೆಗಳಲ್ಲಿ ನೀಲಿ ಗಾಜಿಗೆ ತಾಗಿ, ಮುಂದಿನಿಂದ ವಿಸ್ಕಿಯ ಮೂಲಕ ಕಪ್ಪಾಗಿ ಕಾಣುತ್ತದೆ. ಬಾಟಲಿ ಖಾಲಿಯಾದರೆ ನೀಲಿ. ಒಣಗಿದ ಮೇಲೆ ಸುತ್ತಲಿನ ಬಣ್ಣ ತಾಗದ ರೇಕನ್ನು ಒದ್ದೆ ಹತ್ತಿ ಮತ್ತು ಸುಣ್ಣದಕಲ್ಲಿನ ಪುಡಿಯಿಂದ ಒರೆಸಿ ತೆಗೆದೆ. ಬಣ್ಣದ ಅಂಚಿನಲ್ಲಿ ರೇಕು ಕತ್ತರಿಸಿದ ಹಾಗೆ ನಿಲ್ಲುತ್ತದೆ. ಹಿಂದಿನಿಂದ ನೋಡಿದರೆ ಸುಮ್ನೆ ಒಂದು ಸಣಕಲು ನೀಲಿ ಹಕ್ಕಿ.

ಕೊನೆಯ ಪದರಕ್ಕೆ ತಲೆ ಕೆಡಿಸಿಕೊಂಡಷ್ಟು ಬೇರೆ ಯಾವುದಕ್ಕೂ ಕೆಡಿಸಿಕೊಂಡಿಲ್ಲ. ವಿಸ್ಕಿ ಸುರಿಯುವಾಗ ಲೇಬಲ್ ಕೊಳೆಯಾಗದಿರಲಿ ಅಂತ ಅದನ್ನು ಮೇಲಕ್ಕೆ ಹಿಡಿಯುವವರೇ ಜಾಸ್ತಿ. ಅಂದರೆ ಬಾಯಿಂದ ಜಾರುವ ಹನಿ ಇಳಿಯುವುದು ಬೆನ್ನಿಗೆ, ನೇರ ಕೊಕ್ಕರೆಯ ತಲೆಗೆ. ಆಲ್ಕೋಹಾಲ್ ಅಕ್ರಿಲಿಕ್ ಬಣ್ಣವನ್ನು ಮೆತ್ತಗೆ ಮಾಡುತ್ತದೆ. ಅರಗಿನ ವಾರ್ನಿಷ್ ಅಂತೂ ಆಲ್ಕೋಹಾಲಿನಲ್ಲೇ ಕರಗಿಸಿ ಮಾಡುವಂಥದ್ದು, ಅದನ್ನು ವಿಸ್ಕಿ ಬಾಟಲಿಗೆ ಹಚ್ಚುವುದರಲ್ಲಿ ಅರ್ಥವೇ ಇಲ್ಲ. ಎರಡು ಭಾಗ ಬೆರೆಸಿ ಹಚ್ಚುವ ಪಾಲಿಯುರೆಥೇನ್ ಕ್ಲಿಯರ್ ಕೋಟ್, ಅಂದರೆ ಪಾರದರ್ಶಕ ಹೊರಪದರ, ತಡೆಯುವಂಥದ್ದು. ಪ್ರಯೋಗದ ಬಾಟಲಿಯಲ್ಲಿ ಎನಾಮೆಲ್ ಮುಟ್ಟಿದರೆ ಒಣಗಿದೆ ಅನ್ನಿಸಿದಾಗ ಹಚ್ಚಿ ನೋಡಿದೆ, ಕಣ್ಣೆದುರೇ ಎನಾಮೆಲ್ ಸುಕ್ಕುಗಟ್ಟಿ ಎದ್ದಿತು. ಎಣ್ಣೆ ಎನಾಮೆಲ್ ಮೇಲೆ ಒಣಗುವುದು ಬೇಗ, ಒಳಗೆ ಗಟ್ಟಿಯಾಗುವುದು ಗಾಳಿಯ ಆಮ್ಲಜನಕ ಹೀರಿಕೊಂಡು, ಅದಕ್ಕೆ ವಾರಗಳೇ ಬೇಕು. ಅರೆಬೆಂದ ಎನಾಮೆಲ್ಲಿನೊಳಗೆ ಪಾಲಿಯುರೆಥೇನಿನ ದ್ರಾವಕ ನುಗ್ಗಿದರೆ ಹೀಗಾಗುತ್ತದೆ. ಬಿಸಿ ಕೊಟ್ಟು ಬೇಗ ಮಾಡಲು ಇಲ್ಲಿ ದಾರಿಯಿಲ್ಲ. ಕತ್ತಲೆ ಕೋಣೆಯಲ್ಲಿ, ಧೂಳು ಬೀಳದ ಹಾಗೆ ರಟ್ಟಿನ ಡಬ್ಬ ಮುಚ್ಚಿ, ಗಾಳಿಗೆ ತೂತು ಬಿಟ್ಟು ಕಾಯಲು ಇಟ್ಟೆ. ಈ ಥರದ ಕೆಲಸ ಒಪ್ಪಿಕೊಳ್ಳುವಾಗ ಆಯೋಜಕರ ಹತ್ತಿರ ಈ ವಾರಗಳನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಕ್ಲಿಯರ್ ಕೋಟ್ ಸ್ಪ್ರೇ ಮಾಡಲಿಲ್ಲ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ, ಮಂಜಾಗಿ ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರುವಂಥದ್ದು. ಕುಂಚದಲ್ಲೇ, ಕಿಟಕಿ ತೆರೆದು, ಆವಿಗೆ ತಕ್ಕ ಫಿಲ್ಟರಿನ ಮಾಸ್ಕ್ ಮತ್ತು ಕೈಗವಸು ಹಾಕಿಕೊಂಡು ಹಚ್ಚಿದೆ. ಬಣ್ಣದ ಅಂಚಿಗಿಂತ ಎರಡು ಮಿಲಿಮೀಟರ್ ಹೊರಗೆ ಗಾಜಿನ ಮೇಲೂ ಬರಬೇಕು, ಇಲ್ಲದಿದ್ದರೆ ಹನಿ ಪಕ್ಕದಿಂದ ಒಳಗೆ ನುಸುಳುತ್ತದೆ. ಗಾಜಿನ ಉಳಿದ ಭಾಗಕ್ಕೆ ಏನೂ ಇಲ್ಲ. ಪ್ರಯೋಗದ ಬಾಟಲಿಯ ಮೇಲೆ ಇದೇ ಪದರ ಪೂರ್ತಿ ಗಟ್ಟಿಯಾದ ಮೇಲೆ ಸಾಧಾರಣ ವಿಸ್ಕಿಯಲ್ಲಿ ನೆನೆಸಿದ ಹತ್ತಿಯನ್ನು ಇಟ್ಟು, ಆರದ ಹಾಗೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಉಗುರಿನಿಂದ ಕೆರೆದರೂ ಏನೂ ಆಗಿರಲಿಲ್ಲ. ಮುಂದೊಂದು ದಿನ ಯಾರಿಗಾದರೂ ಚಿತ್ರ ಬೇಡ ಅನ್ನಿಸಿದರೆ ಬ್ಲೇಡಿನಿಂದ ಕೆರೆದು ಪೂರ್ತಿ ತೆಗೆಯಬಹುದು, ಗಾಜು ಮೊದಲಿನ ಹಾಗೇ ಇರುತ್ತದೆ. ಅದೂ ಬೇಕಂತಲೇ ಇಟ್ಟುಕೊಂಡ ದಾರಿ.

ಹೊದಿಕೆ ಬಿಚ್ಚಿ ಮತ್ತೆ ಅದೇ ನಾಲ್ಕು ಕಡೆಯಿಂದ ಫೋಟೋ. ಲೇಬಲ್ ಇದ್ದ ಹಾಗೇ ಇದೆ, ಮಟ್ಟ ಅಲ್ಲೇ ಇದೆ. ಕ್ಯಾಟಲಾಗಿನ ಫೋಟೋ ತೆಗೆಯುವವರಿಗೆ ಒಂದು ಮಾತು ಹೇಳಿದೆ. ಬಾಟಲಿ ಅಂದ ತಕ್ಷಣ ಅವರು ಹಿಂದಿನಿಂದ ಬೆಳಕು ಬಿಡುತ್ತಾರೆ, ವಿಸ್ಕಿ ಹೊಳೆಯಲಿ ಅಂತ. ಹಾಗೆ ಮಾಡಿದರೆ ಕೊಕ್ಕರೆ ಬರೀ ಕಪ್ಪು ನೆರಳು. ಬೆಳಕು ಮುಂದಿನಿಂದ, ಸ್ವಲ್ಪ ಪಕ್ಕದಿಂದ ಬರಬೇಕು, ಎದುರಿಗೆ ದೊಡ್ಡ ಬಿಳಿ ರಟ್ಟು ಹಿಡಿದರೆ ರೇಕಿನಲ್ಲಿ ಅದೇ ಪ್ರತಿಫಲಿಸಿ ಮೈಯೆಲ್ಲ ಬೆಳಗುತ್ತದೆ. ಲೇಬಲ್ ನೆಟ್ಟಗೆ ಇರುವ ಫೋಟೋದಲ್ಲೇ ಹಕ್ಕಿಯೂ ಸರಿಯಾಗಿ ನಡುವೆ ಬರುತ್ತದೆ, ಬಾಟಲಿಯನ್ನು 5 ಡಿಗ್ರಿ ತಿರುಗಿಸಿದರೂ ಪಕ್ಕಕ್ಕೆ ಓಡುತ್ತದೆ.

ಪೆಟ್ಟಿಗೆಯನ್ನೂ ನಾನೇ ಮಾಡಿದೆ. ಸ್ಪಂಜು, ಗುಳ್ಳೆ ಪ್ಲಾಸ್ಟಿಕ್ ಯಾವುದೂ ಬಣ್ಣಕ್ಕೆ ತಾಗಬಾರದು, ವಾರಗಟ್ಟಲೆ ಒತ್ತಿಕೊಂಡಿದ್ದರೆ ಹೊಸ ಬಣ್ಣದ ಮೇಲೆ ಗುಳ್ಳೆಗಳ ಅಚ್ಚು ಉಳಿಯುತ್ತದೆ. ಬುಡಕ್ಕೊಂದು, ಕುತ್ತಿಗೆಗೊಂದು ದುಂಡು ತೂತಿನ ಹಲಗೆ, ಎರಡಕ್ಕೂ ಒಳಗೆ ಉಣ್ಣೆ ಬಟ್ಟೆ. ನಡುವಿನ ಹೊಟ್ಟೆ ಭಾಗ ಗಾಳಿಯಲ್ಲಿ. ಹೊರಗೆ ಮೇಲ್ಮುಖದ ಬಾಣದ ಗುರುತು ನಾಲ್ಕೂ ಕಡೆ. ಒಳಗೊಂದು ಚೀಟಿ: ಯಾವ ರೇಕು, ಯಾವ ಬಣ್ಣ, ಯಾವ ಕ್ಲಿಯರ್ ಕೋಟ್, ತೆಗೆಯಬೇಕಾದರೆ ಹೇಗೆ. ನಿಲ್ಲಿಸಿಯೇ ಇಡಿ, ಬಿಸಿಲಿಗೆ ಇಡಬೇಡಿ, ಬಿಸಿನೀರಲ್ಲಿ ತೊಳೆಯಬೇಡಿ, ಸುರಿಯುವಾಗ ಲೇಬಲ್ ಪಕ್ಕಕ್ಕೆ ಇರಲಿ, ಮೇಲಕ್ಕೆ ಬೇಡ. ಕುಡಿದು ಮುಗಿಸಿದರೆ ಖಾಲಿ ಬಾಟಲಿಗೆ 15 ಪರ್ಸೆಂಟ್ ಸಕ್ಕರೆಯ ಚಹಾ ತುಂಬಿದರೆ ಹಕ್ಕಿ ಮತ್ತೆ ಬಂಗಾರವಾಗುತ್ತದೆ ಅಂತ ಕೊನೆಗೆ ಸೇರಿಸಿದ್ದೆ, ಆಯೋಜಕರು ಓದಿ ನಕ್ಕು ಅದನ್ನು ಹಾಗೇ ಬಿಟ್ಟರು.

ಇನ್ನೊಂದು ಬಾಟಲಿ ಮಾಡಿಕೊಡಿ ಅಂತ ಕೇಳಿದ್ದಾರೆ, ಅದು ಚೌಕದ್ದು. ಚಪ್ಪಟೆ ಗಾಜು ಏನನ್ನೂ ಹಿಗ್ಗಿಸುವುದಿಲ್ಲ, ಆದರೆ ಮೂಲೆಯಿಂದ ನೋಡಿದರೆ ಹಿಂದಿನ ಚಿತ್ರ ಎರಡೆರಡು ಕಾಣುತ್ತದೆ. ಒಂದು ಖಾಲಿ ಬಾಟಲಿ ಕಳಿಸಿ ಅಂತ ಹೇಳಿದ್ದೇನೆ. ಚಹಾಕ್ಕೆ ಸಕ್ಕರೆ ಇನ್ನೂ ಉಳಿದಿದೆ.